ಎಡಗಾಲಿಗೆ ರಜೆ, ಬಲಗಾಲಿಗೆ ಬುದ್ಧಿ

ನಿಮ್ಮ ಮನೆಯ ಬೀರುವಿನಲ್ಲೂ ಒಂದು ಡ್ರೈವಿಂಗ್ ಲೈಸನ್ಸ್ ಮಲಗಿದೆಯಾ? ರೇಷ್ಮೆ ಸೀರೆಗಳ ಅಡಿಯಲ್ಲಿ, ಮಕ್ಕಳ ಮಾರ್ಕ್ಸ್ ಕಾರ್ಡುಗಳ ಜೊತೆಯಲ್ಲಿ, ಯಾರಾದರೂ ಗುರುತಿನ ಚೀಟಿ ಕೇಳಿದಾಗ ಮಾತ್ರ ಹೊರಗೆ ಬರುವ ಲೈಸನ್ಸು? ಹಾಗಿದ್ದರೆ ನೀವು ನಮ್ಮ ಗುಂಪಿನವರೇ ಬಿಡಿ!

ನನ್ನ ಲೈಸನ್ಸ್ 2008ರದು. ಬೆಳಗಿನ ಅಡುಗೆ ಮುಗಿಸಿ ಡ್ರೈವಿಂಗ್ ಸ್ಕೂಲಿಗೆ ಓಡಿ, ಇಪ್ಪತ್ತು ದಿನ ಕಲಿತು, ಟೆಸ್ಟ್ ಪಾಸ್ ಮಾಡಿ ಪಡೆದದ್ದು. ಅದಾಗಿ ಮೊದಲ ಭಾನುವಾರ ನಮ್ಮವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೈಸೂರಿನ ಅಗ್ರಹಾರ ಸರ್ಕಲ್ ಕಡೆ ಹೊರಟೆ. ಸಿಗ್ನಲ್‌ನಲ್ಲಿ ಕಾರು ಆಫ್ ಆಯಿತು. ಸ್ಟಾರ್ಟ್ ಮಾಡಿದೆ, ಮತ್ತೆ ಆಫ್. ಹಿಂದೆ ಸಿಟಿ ಬಸ್ಸಿನ ಹಾರನ್. ಪಕ್ಕದಲ್ಲಿ ಅದಕ್ಕಿಂತ ಜೋರಾಗಿ, ‘ಕ್ಲಚ್ ಒತ್ತೇ... ಕ್ಲಚ್! ಗೇರ್ ಹಾಕು! ಅಯ್ಯೋ, ಬಿಡು, ನಿನ್ನ ಕೈಲಾಗಲ್ಲ.’ ನಡುರಸ್ತೆಯಲ್ಲೇ ಇಳಿದು ಸೀಟು ಬದಲಾಯಿಸಿಕೊಂಡೆವು. ಮನೆಗೆ ಬಂದು ಲೈಸನ್ಸನ್ನು ಬೀರುವಿಗೆ ಸೇರಿಸಿದೆ. ಅಷ್ಟೇ, ಕಥೆ ಮುಗಿಯಿತು ಅಂದುಕೊಂಡಿದ್ದೆ.

ಮುಗಿದಿರಲಿಲ್ಲ.

ನಮ್ಮ ಅತ್ತೆಗೆ ಈಗ ಎರಡು ವರ್ಷದಿಂದ ಡಯಾಲಿಸಿಸ್. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯಲ್ಲಿರಬೇಕು. ನಮ್ಮವರಿಗೆ ಫ್ಯಾಕ್ಟರಿಯ ಮೊದಲ ಪಾಳಿ, ಐದಕ್ಕೇ ಕಂಪನಿ ಬಸ್ ಹತ್ತುತ್ತಾರೆ. ಗೊತ್ತಿರುವ ಆಟೊದವರೊಬ್ಬರು ಬರುತ್ತಿದ್ದರು. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಅವರು ಬರಲಿಲ್ಲ. ಮೊಬೈಲಿನಲ್ಲಿ ಬುಕ್ ಮಾಡಿದ ಟ್ಯಾಕ್ಸಿಗಳು ಒಂದರ ಹಿಂದೊಂದು ಕ್ಯಾನ್ಸಲ್ ಆದವು. ನಾವು ತಲುಪುವ ಹೊತ್ತಿಗೆ ಅತ್ತೆಯ ಸರದಿ ಹೋಗಿತ್ತು, ‘ನಾಳೆ ಬನ್ನಿ’ ಅಂದರು. ಆ ರಾತ್ರಿ ಅತ್ತೆಗೆ ಉಸಿರು ಕಟ್ಟಿತು. ಮಲಗಲಾಗದೆ, ದಿಂಬು ಒರಗಿ ಕೂತು, ನನ್ನ ಕೈ ಹಿಡಿದುಕೊಂಡು ಉಸಿರು ಎಳೆದ ಆ ಸದ್ದು ಈಗಲೂ ಕಿವಿಯಲ್ಲಿದೆ. ಆಂಬುಲೆನ್ಸ್ ಬಂತು, ಜೀವ ಉಳಿಯಿತು.

ಆದರೆ ನನ್ನ ಮನಸ್ಸಿಗೆ ಚುಚ್ಚಿದ್ದು ಬೇರೆ. ಅಂದು ಬೆಳಿಗ್ಗೆ ಆಟೊಗಾಗಿ ಕಾಯುತ್ತಾ ನಾವು ಅತ್ತೆ ಸೊಸೆ ಒರಗಿ ನಿಂತಿದ್ದು ನಮ್ಮದೇ ಕಾರಿಗೆ! ಕಾರು ಪೋರ್ಟಿಕೋದಲ್ಲಿತ್ತು, ಬೀಗದ ಕೈ ಗೋಡೆಯ ಮೊಳೆಯಲ್ಲಿತ್ತು, ಲೈಸನ್ಸ್ ಬೀರುವಿನಲ್ಲಿತ್ತು. ಇಲ್ಲದೇ ಇದ್ದದ್ದು ನನ್ನ ಧೈರ್ಯ ಒಂದೇ.

ಬಾಗಿನದ ಜೊತೆ ಬಂದ ಕೆಂಪು ಕಾರು

ಅದಾಗಿ ಕೆಲವು ದಿನಕ್ಕೆ ಗೌರಿ ಹಬ್ಬ. ಬೆಂಗಳೂರಿನಲ್ಲಿರುವ ನನ್ನ ತಮ್ಮ ತವರಿನ ಬಾಗಿನ ಹಿಡಿದು ಬಂದ. ಬಂದಿದ್ದು ಯಾವುದರಲ್ಲಿ ಅಂತೀರಿ? ಎರಡೇ ಬಾಗಿಲಿನ, ನೆಲಕ್ಕೆ ಅಂಟಿಕೊಂಡ ಹಾಗಿರುವ, ಕುಂಕುಮದ ಬಣ್ಣದ ಸ್ಪೋರ್ಟ್ಸ್ ಕಾರಿನಲ್ಲಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದಂತೆ. ಡಿಕ್ಕಿಯಲ್ಲಿ ಮೊರ ಹಿಡಿಸದೆ ಬಾಗಿನ ಹಿಂದಿನ ಪುಟ್ಟ ಸೀಟಿನಲ್ಲಿ ಬೆಲ್ಟ್ ಕಟ್ಟಿಕೊಂಡು ಮುತ್ತೈದೆಯ ಹಾಗೆ ಕೂತು ಬಂದಿತ್ತು!

ಊಟ ಮಾಡುವಾಗ ಅತ್ತೆಯ ವಿಷಯ ಬಂತು. ಕೇಳಿಸಿಕೊಂಡ ತಮ್ಮ ಕೈತೊಳೆದು ಬಂದು ಬೀಗದ ಕೈ ನನ್ನ ಮುಂದಿಟ್ಟ. ‘ಅಕ್ಕ, ನಾಳೆ ಬೆಳಿಗ್ಗೆ ನೀನು ಇದನ್ನ ಓಡಿಸ್ತೀಯ.’

‘ತಲೆ ಕೆಟ್ಟಿದೆಯೇನೋ? ಮನೆ ಕಾರೇ ಓಡಿಸದವಳು ಇದನ್ನ ಮುಟ್ತೀನಾ?’

‘ಇದರಲ್ಲಿ ಕ್ಲಚ್ಚೇ ಇಲ್ಲ ಅಕ್ಕ. ಆಟೊಮ್ಯಾಟಿಕ್. ನಿನ್ನ ಹೆದರಿಸಿದ್ದು ಕಾರಾ, ಕ್ಲಚ್ಚಾ, ಅಂತ ನೋಡೇಬಿಡೋಣ.’

ನಮ್ಮವರು ನಕ್ಕರು. ‘ಕ್ಲಚ್ ಇಲ್ಲದ್ದು ಕಾರೇ ಅಲ್ಲಪ್ಪ. ಅದು ಹೆಂಗಸರ ಗಾಡಿ.’

ಈ ಮಾತು ನಿಮ್ಮ ಮನೆಯಲ್ಲೂ ಬಂದೀತು, ಅದಕ್ಕೇ ಉತ್ತರ ಇಟ್ಟುಕೊಂಡಿರಿ. 1953ರಲ್ಲಿ ಅಮೆರಿಕದ ಷೆವರ್ಲೆ ಕಂಪನಿ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರನ್ನು ತಂದಾಗ ಆ ವರ್ಷ ತಯಾರಾದದ್ದು 300 ಕಾರು. ಅಷ್ಟಕ್ಕೂ ಇದ್ದದ್ದು ಎರಡು ಗೇರಿನ ಆಟೊಮ್ಯಾಟಿಕ್ಕೇ. 1989ರಲ್ಲಿ ಫೆರಾರಿ ಫಾರ್ಮುಲಾ ಒನ್ ರೇಸಿಗೆ ತಂದ ಕಾರಿನಲ್ಲಿ ಓಡುವಾಗ ಗೇರ್ ಬದಲಿಸಲು ಕ್ಲಚ್ ತುಳಿಯಬೇಕಿರಲಿಲ್ಲ, ಸ್ಟೀರಿಂಗ್ ಹಿಂದಿನ ಪಟ್ಟಿಯನ್ನು ಬೆರಳಲ್ಲಿ ಎಳೆದರೆ ಸಾಕಿತ್ತು. ಮೊದಲ ರೇಸನ್ನೇ ಅದು ಗೆದ್ದಿತು!

ಇನ್ನು ಗೇರಿನ ಮಾತಿಗೆ ಬಂದರೆ ಅದರಲ್ಲೂ ಹೆಂಗಸಿನ ಪಾಲಿದೆ. 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಗೃಹಿಣಿ ಗಂಡನಿಗೆ ಹೇಳದೆ, ಅವನು ಮಾಡಿದ ಮೋಟಾರು ಗಾಡಿ ಹತ್ತಿ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ನೂರು ಕಿಲೋಮೀಟರಿಗೂ ದೂರದ ತವರಿಗೆ ಹೋದಳು. ಏರಿನಲ್ಲಿ ಗಾಡಿ ಹತ್ತದೆ ಮಕ್ಕಳು ತಳ್ಳಬೇಕಾಯಿತು. ವಾಪಸು ಬಂದು ‘ಏರಿಗೆ ಇನ್ನೊಂದು ಗೇರು ಬೇಕು ಕಣ್ರೀ’ ಎಂಬರ್ಥದ ಮಾತು ಹೇಳಿದವಳು ಅವಳೇ, ಗಂಡ ಆಮೇಲೆ ಅದನ್ನು ಜೋಡಿಸಿದ. ಮೋಟಾರು ಗಾಡಿಯಲ್ಲಿ ಮೊದಲ ದೂರ ಪ್ರಯಾಣ ಮಾಡಿದ್ದೇ ತವರಿಗೆ ಹೊರಟ ಹೆಣ್ಣು. ಹೀಗಿರುವಾಗ ನಮಗೇಕೆ ಸಂಕೋಚ?

ಕೂರುವುದನ್ನೇ ಮೊದಲು ಕಲಿಯಿರಿ

ಮಾರನೇ ದಿನ ಬೆಳಿಗ್ಗೆ ಆರಕ್ಕೆ ರಿಂಗ್ ರಸ್ತೆಯಾಚೆಯ ಹೊಸ ಬಡಾವಣೆಗೆ ಹೋದೆವು. ಸೈಟು ಕಲ್ಲು ನೆಟ್ಟಿದ್ದಾರೆ, ಮನೆ ಎದ್ದಿಲ್ಲ, ಅಗಲವಾದ ಖಾಲಿ ರಸ್ತೆ. ಮೊದಲ ಸಲ ಓಡಿಸುವವರು ಇಂಥ ಜಾಗವನ್ನೇ ಹುಡುಕಿಕೊಳ್ಳಿ.

ಸೀರೆಯಲ್ಲೇ ಹೋಗಿದ್ದೆ. ತಮ್ಮ ಕಾರು ಮುಟ್ಟುವುದಕ್ಕೂ ಬಿಡಲಿಲ್ಲ. ‘ಮೊದಲು ನೆರಿಗೆ ಸ್ವಲ್ಪ ಮೇಲೆ ಸಿಕ್ಕಿಸಿಕೊ, ಸೆರಗು ಸೊಂಟಕ್ಕೆ. ಈ ಚಪ್ಪಲಿ ಬೇಡ.’ ಹಿಂದೆ ಪಟ್ಟಿಯಿಲ್ಲದ ಚಪ್ಪಲಿ ಪೆಡಲಿನ ಕೆಳಗೆ ಸಿಕ್ಕಿಕೊಳ್ಳುತ್ತದೆ, ಎತ್ತರದ ಹಿಮ್ಮಡಿಯಿದ್ದರೆ ಪಾದಕ್ಕೆ ಪೆಡಲಿನ ಅಂದಾಜು ಸಿಗುವುದಿಲ್ಲ. ಚಪ್ಪಟೆಯಾದ, ಕಾಲಿಗೆ ಗಟ್ಟಿಯಾಗಿ ಕೂರುವ ಶೂ ವಾಸಿ. ಇನ್ನೊಂದು ಮಾತು: ಡ್ರೈವರ್ ಸೀಟಿನ ಕೆಳಗೆ ನೀರಿನ ಬಾಟಲಿ, ಕೊಡೆ, ತರಕಾರಿ ಚೀಲ ಯಾವುದೂ ಇರಬಾರದು. ಬಾಟಲಿ ಉರುಳಿ ಬ್ರೇಕಿನ ಕೆಳಗೆ ಹೋದರೆ ಬ್ರೇಕ್ ಒತ್ತುವುದೇ ಇಲ್ಲ.

ಸ್ಪೋರ್ಟ್ಸ್ ಕಾರಿನಲ್ಲಿ ಕೂರುವುದೆಂದರೆ ಕುರ್ಚಿಯಲ್ಲಿ ಕೂತ ಹಾಗಲ್ಲ, ಚಾಪೆಯ ಮೇಲೆ ಕಾಲು ಚಾಚಿ ಕೂತ ಹಾಗೆ. ಮುಂದಿನ ಮೂತಿ ಎಲ್ಲಿ ಮುಗಿಯುತ್ತದೋ ಕಾಣುವುದಿಲ್ಲ. ಹಿಂದಿನ ಗಾಜು ಪುಟ್ಟ ಕಿಟಕಿಯಷ್ಟು. ಆದರೆ ಸೀಟು ಸರಿಮಾಡಿಕೊಳ್ಳುವ ಕ್ರಮ ಎಲ್ಲ ಕಾರಿಗೂ ಒಂದೇ. ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಿಚಿರಬೇಕು. ಭುಜ ಸೀಟಿಗೆ ಒರಗಿದ್ದಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲ್ಭಾಗಕ್ಕೆ ತಾಗಬೇಕು. ಎದೆಗೂ ಸ್ಟೀರಿಂಗಿಗೂ ನಡುವೆ 25 ಸೆಂಟಿಮೀಟರ್ ಆದರೂ ಇರಲಿ, ಒಳಗಿನ ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಅಷ್ಟು ಜಾಗ ಬೇಕು. ನಮ್ಮಲ್ಲಿ ಕುಳ್ಳಗಿರುವವರು ಸ್ಟೀರಿಂಗಿಗೆ ಅಂಟಿಕೊಂಡು ಕೂರುತ್ತೇವೆ. ಅದರ ಬದಲು ಸೀಟಿನ ಎತ್ತರ ಏರಿಸಿಕೊಳ್ಳಿ.

ನಾಲ್ಕೇ ಅಕ್ಷರ

ಗೇರ್ ಇರುವ ಜಾಗದಲ್ಲಿ ನಾಲ್ಕು ಅಕ್ಷರಗಳಿದ್ದವು. ‘ಪಿ’ ಎಂದರೆ ಪಾರ್ಕ್, ಕಾರು ನಿಲ್ಲಿಸಿ ಇಳಿಯಲು. ‘ಆರ್’ ರಿವರ್ಸ್. ‘ಎನ್’ ನ್ಯೂಟ್ರಲ್. ‘ಡಿ’ ಡ್ರೈವ್, ಮುಂದಕ್ಕೆ ಹೋಗಲು. ಇಷ್ಟೇ ವರ್ಣಮಾಲೆ! ಬ್ರೇಕ್ ಒತ್ತಿ ಹಿಡಿಯದೆ ‘ಪಿ’ಯಿಂದ ಕಡ್ಡಿ ಅಲುಗುವುದಿಲ್ಲ. ಕಾರು ಪೂರ್ತಿ ನಿಂತ ಮೇಲಷ್ಟೇ ‘ಡಿ’ಯಿಂದ ‘ಆರ್’ಗೆ ಅಥವಾ ‘ಪಿ’ಗೆ ಹೋಗಬೇಕು. ಇನ್ನೂ ಉರುಳುತ್ತಿರುವಾಗ ಹಾಕಿದರೆ ಗೇರ್‌ಬಾಕ್ಸಿಗೆ ಪೆಟ್ಟು. ಅದರ ರಿಪೇರಿ ಬಿಲ್ಲು ಒಡವೆ ಅಡವಿಡುವ ಹಾಗಿರುತ್ತದೆ ಎಂದ ತಮ್ಮ.

‘ಒಳಗೆ ಗೇರ್ ಬದಲಾಯಿಸೋದು ಯಾರೋ?’ ಎಂದು ಕೇಳಿದೆ. ಅವನು ಹೇಳಿದ್ದನ್ನು ನಮ್ಮ ಅಡುಗೆಮನೆಯ ಭಾಷೆಯಲ್ಲಿ ಹೇಳುತ್ತೇನೆ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಹಾಕಿದರೆ, ಅದರ ಗಾಳಿಗೆ ಇನ್ನೊಂದು ತಾನೇ ತಿರುಗುತ್ತದೆ ಅಲ್ವಾ? ಹಳೆಯ ಬಗೆಯ ಆಟೊಮ್ಯಾಟಿಕ್‌ನಲ್ಲಿ ಗಾಳಿಯ ಬದಲು ಎಣ್ಣೆ ಈ ಕೆಲಸ ಮಾಡುತ್ತದೆ. ಇದಕ್ಕೆ ಟಾರ್ಕ್ ಕನ್ವರ್ಟರ್ ಎನ್ನುತ್ತಾರೆ. ತಮ್ಮನ ಕಾರಿನದು ಎರಡು ಕ್ಲಚ್ಚಿನ ಬಗೆ. ಎರಡು ಒಲೆಯ ಸ್ಟೌವಿನಲ್ಲಿ ಒಂದರ ಮೇಲೆ ದೋಸೆ ಬೇಯುತ್ತಿರುವಾಗಲೇ ಇನ್ನೊಂದು ಕಾವಲಿ ಕಾದು ಸಿದ್ಧವಾಗಿರುವಂತೆ, ಒಂದು ಗೇರ್ ಓಡುತ್ತಿರುವಾಗಲೇ ಮುಂದಿನದು ತಯಾರಾಗಿರುತ್ತದೆ. ಸಿವಿಟಿ ಎಂಬ ಇನ್ನೊಂದು ಬಗೆಯಲ್ಲಿ ಹೊಲಿಗೆ ಯಂತ್ರದ ಹಾಗೆ ಎರಡು ರಾಟೆ, ನಡುವೆ ಒಂದು ಬೆಲ್ಟು. ಎಎಂಟಿ ಎಂಬುದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತಲು ಆಳು ಇಟ್ಟ ಹಾಗೆ ಒಂದು ಯಂತ್ರ ಜೋಡಿಸಿರುತ್ತಾರೆ. 2014ರಲ್ಲಿ ಮಾರುತಿ ಸೆಲೆರಿಯೊದಲ್ಲಿ ಇದು ಬಂದ ಮೇಲೆಯೇ ಮಧ್ಯಮ ವರ್ಗದ ಮನೆಗಳಿಗೆ ಆಟೊಮ್ಯಾಟಿಕ್ ಕೈಗೆಟುಕುವಂತಾದದ್ದು. ಈಗಿನ ಎಲೆಕ್ಟ್ರಿಕ್ ಕಾರುಗಳಲ್ಲೂ ಕ್ಲಚ್ ಇಲ್ಲ, ಎರಡೇ ಪೆಡಲ್.

ತಾನಾಗಿ ಹೊರಡುವ ಕಾರು

ಬ್ರೇಕ್ ಒತ್ತಿ ಸ್ಟಾರ್ಟ್ ಬಟನ್ ಅದುಮಿದೆ. ಹುಲಿ ಗುರುಗುಟ್ಟಿದ ಸದ್ದು! ಮೈಯೆಲ್ಲ ಬೆವರಿತು. ‘ಡಿ’ಗೆ ಹಾಕಿ, ಹ್ಯಾಂಡ್ ಬ್ರೇಕ್ ಇಳಿಸಿ, ‘ಬ್ರೇಕ್‌ನಿಂದ ಮೆಲ್ಲಗೆ ಕಾಲು ತೆಗಿ, ಮತ್ತೇನೂ ಮಾಡಬೇಡ’ ಎಂದ ತಮ್ಮ.

ತೆಗೆದೆ. ಆಕ್ಸಿಲರೇಟರ್ ಮುಟ್ಟಿಯೇ ಇಲ್ಲ, ಕಾರು ತಾನಾಗಿ ಹೊರಟಿತು! ಆಫ್ ಆಗಲಿಲ್ಲ, ಜಗ್ಗಲಿಲ್ಲ, ಯಾರೂ ಹಾರನ್ ಹೊಡೆಯಲಿಲ್ಲ. ನಡೆದುಕೊಂಡು ಹೋಗುವಷ್ಟೇ ವೇಗದಲ್ಲಿ ತೇರಿನ ಹಾಗೆ ಸಾಗಿತು. ಹದಿನೇಳು ಹದಿನೆಂಟು ವರ್ಷದ ಹೆದರಿಕೆ ಆ ಹತ್ತು ಮೀಟರಿನಲ್ಲಿ ಅರ್ಧ ಇಳಿದುಹೋಯಿತು ಎಂದರೆ ನಂಬುತ್ತೀರಾ?

ಈ ತೆವಳುವ ಗುಣವೇ ಆಟೊಮ್ಯಾಟಿಕ್‌ನ ವರ, ಅದೇ ಅದರ ಅಪಾಯ. ಟ್ರಾಫಿಕ್ಕಿನಲ್ಲಿ, ಪಾರ್ಕಿಂಗ್‌ನಲ್ಲಿ ಬರೀ ಬ್ರೇಕಿನಿಂದಲೇ ಕಾರನ್ನು ಅಂಗುಲ ಅಂಗುಲವಾಗಿ ನಡೆಸಬಹುದು. ಆದರೆ ‘ಡಿ’ಯಲ್ಲಿ ಇಟ್ಟು ಪರ್ಸ್ ಹುಡುಕಲು ಬಗ್ಗಿದರೆ, ಮಗುವಿನ ಬೆಲ್ಟ್ ಸರಿಮಾಡಲು ಹಿಂದೆ ತಿರುಗಿದರೆ, ಬ್ರೇಕ್ ಸಡಿಲವಾಗಿ ಕಾರು ಹೊರಟೇಬಿಡುತ್ತದೆ. ಅಂಥ ಕೆಲಸವಿದ್ದರೆ ‘ಪಿ’ಗೆ ಹಾಕಿಯೇ ಮಾಡಿ.

ಅಷ್ಟರಲ್ಲಿ ಎದುರಿಗೆ ಒಂದು ನಾಯಿ ಬಂತು. ಡ್ರೈವಿಂಗ್ ಸ್ಕೂಲಿನ ಪಾಠ ನೆನಪಾಗಿ ಎಡಗಾಲು ಕ್ಲಚ್ ಹುಡುಕಿತು. ಕ್ಲಚ್ ಇದ್ದರೆ ತಾನೆ? ಅಲ್ಲಿದ್ದದ್ದು ಅಗಲವಾದ ಬ್ರೇಕು. ಧಡ್ ಅಂತ ತುಳಿದೆ. ಇಬ್ಬರ ತಲೆಯೂ ಮುಂದಕ್ಕೆ ಹೋಗಿ ಬಂತು. ಬೆಲ್ಟ್ ಹಾಕಿರದಿದ್ದರೆ ಗಾಜಿಗೆ ಮುಖ.

ಕ್ಲಚ್ ಒತ್ತಿ ಅಭ್ಯಾಸವಿರುವ ಎಡಗಾಲಿಗೆ ಹಗುರವಾಗಿ ತುಳಿಯುವುದು ಗೊತ್ತೇ ಇಲ್ಲ. ಆದ್ದರಿಂದ ಆಟೊಮ್ಯಾಟಿಕ್‌ನಲ್ಲಿ ಎಡಗಾಲಿಗೆ ಪೂರ್ತಿ ರಜೆ. ಪಕ್ಕದಲ್ಲಿರುವ ಕಾಲಿಡುವ ಪಟ್ಟಿಯ ಮೇಲೆ ಅದನ್ನು ಊರಿಬಿಡಿ, ಅಥವಾ ಮಡಿಚಿ ಹಿಂದಿಟ್ಟುಕೊಳ್ಳಿ. ಎರಡು ಪೆಡಲಿಗೂ ಬಲಗಾಲೊಂದೇ. ಒಂದನ್ನು ಬಿಟ್ಟೇ ಇನ್ನೊಂದನ್ನು ತುಳಿಯಬೇಕು, ಆಗ ಎರಡನ್ನೂ ಒಟ್ಟಿಗೆ ಒತ್ತುವ ಪ್ರಸಂಗವೇ ಬರುವುದಿಲ್ಲ.

ಒಂದು ಗೇಣು ದೂರ

ಅರ್ಧ ಗಂಟೆಯಲ್ಲಿ ಧೈರ್ಯ ಬಂತು. ನಾಲ್ಕು ಸುತ್ತು ಹೊಡೆದೆ. ನಗುತ್ತಿದ್ದೆ. ‘ಎರಡು ಸೈಟು ಕಲ್ಲಿನ ನಡುವೆ ಪಾರ್ಕ್ ಮಾಡು ನೋಡೋಣ’ ಎಂದ. ಮೆಲ್ಲಗೆ ಒಳಗೆ ತಂದೆ. ಸ್ಟೀರಿಂಗ್ ತಿರುಗಿಸುವಾಗ ಮೈ ಸ್ವಲ್ಪ ವಾಲಿತು, ಪಾದವೂ ಸರಿಯಿತು. ನಿಲ್ಲಿಸಬೇಕೆಂದು ಬ್ರೇಕ್ ಒತ್ತಿದೆ.

ಅದು ಬ್ರೇಕ್ ಆಗಿರಲಿಲ್ಲ.

ಕಾರು ಚಿಗರೆಯ ಹಾಗೆ ನೆಗೆಯಿತು. ನಿಲ್ಲಲಿಲ್ಲವಲ್ಲ ಎಂದು ಇನ್ನೂ ಜೋರಾಗಿ ಒತ್ತಿದೆ. ಇನ್ನೂ ಜೋರಾಗಿ ನುಗ್ಗಿತು. ಎದುರಿಗೆ ಕಲ್ಲು. ತಮ್ಮ ಕಿರುಚಲಿಲ್ಲ, ಸ್ಟೀರಿಂಗಿಗೆ ಕೈ ಹಾಕಲಿಲ್ಲ. ಗಟ್ಟಿ ದನಿಯಲ್ಲಿ ಒಂದೇ ಮಾತು: ‘ಅಕ್ಕ, ಕಾಲೆತ್ತು!’ ಎತ್ತಿದೆ. ‘ಬ್ರೇಕ್!’ ಒತ್ತಿದೆ. ಕೆಮ್ಮಣ್ಣಿನ ಧೂಳು ಇಳಿದ ಮೇಲೆ ನೋಡಿದರೆ ಕಲ್ಲಿಗೂ ಕಾರಿಗೂ ಒಂದು ಗೇಣು.

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನ್ನ ಕೈ ನಡುಗುತ್ತಿತ್ತು. ಅಗ್ರಹಾರ ಸರ್ಕಲ್ಲಿನ ಮಾತು ಬರುತ್ತದೆ ಎಂದು ಕಾಯುತ್ತಿದ್ದೆ. ಬರಲಿಲ್ಲ. ತಮ್ಮ ಹೇಳಿದ್ದು, ‘ಪಿಗೆ ಹಾಕು. ನೀರು ಕುಡಿ. ಆಮೇಲೆ ಇದನ್ನೇ ಹತ್ತು ಸಲ ಮಾಡೋಣ.’

ಆಟೊಮ್ಯಾಟಿಕ್ ಓಡಿಸುವವರು ತಿಳಿದಿರಲೇಬೇಕಾದ ಸಂಗತಿ ಇದು. ಗೇರಿನ ಕಾರಿನಲ್ಲಿ ತಪ್ಪು ಮಾಡಿದರೆ ಹೆಚ್ಚಿನ ಸಲ ಇಂಜಿನ್ ಆಫ್ ಆಗುತ್ತದೆ, ಮರ್ಯಾದೆ ಹೋಗುತ್ತದೆ ಅಷ್ಟೆ. ಆಟೊಮ್ಯಾಟಿಕ್‌ನಲ್ಲಿ ಕಾಲು ತಪ್ಪಿದರೆ ಕಾರು ನುಗ್ಗುತ್ತದೆ. ಗಾಬರಿಯಾದಾಗ ‘ಬ್ರೇಕನ್ನೇ ತುಳಿದಿದ್ದೇನೆ’ ಎಂದು ಮನಸ್ಸು ನಂಬಿರುವುದರಿಂದ ಇನ್ನೂ ಬಲವಾಗಿ ತುಳಿಯುತ್ತೇವೆ. ಅದಕ್ಕೇ ‘ನಿಲ್ಲುತ್ತಿಲ್ಲ’ ಅನ್ನಿಸಿದ ತಕ್ಷಣ ಮಾಡಬೇಕಾದದ್ದು ಒತ್ತುವುದಲ್ಲ, ಕಾಲು ಎತ್ತುವುದು. ಆಮೇಲೆ ಬ್ರೇಕ್ ಹುಡುಕಿ ಪೂರ್ತಿ ಒತ್ತಿ. ಆಕ್ಸಿಲರೇಟರೇ ಸಿಕ್ಕಿಕೊಂಡಿದ್ದರೆ ಬ್ರೇಕ್ ಬಿಡದೆ ‘ಎನ್’ಗೆ ತಳ್ಳಿ.

ಇದಕ್ಕೆ ತಮ್ಮ ಕಲಿಸಿದ ಅಭ್ಯಾಸ: ಹಿಮ್ಮಡಿಯನ್ನು ಬ್ರೇಕಿನ ನೇರಕ್ಕೆ ನೆಲದ ಮೇಲೆ ಊರಿ. ಆಕ್ಸಿಲರೇಟರ್ ಬೇಕಾದಾಗ ಪಾದದ ಮುಂಭಾಗವನ್ನು ಮಾತ್ರ ಬಲಕ್ಕೆ ಹೊರಳಿಸಿ. ಹಿಮ್ಮಡಿ ಅಲ್ಲಿಯೇ ಇದ್ದರೆ ಬ್ರೇಕಿಗೆ ದಾರಿ ತಪ್ಪುವುದಿಲ್ಲ. ಕಾರು ನಿಂತಿರುವಾಗಲೇ, ಇಂಜಿನ್ ಆಫ್ ಇರುವಾಗಲೇ, ಕೆಳಗೆ ನೋಡದೆ ಐವತ್ತು ಸಲ ಇದನ್ನು ಮಾಡಿ. ರಂಗೋಲಿಯ ಎಳೆ ಬೆರಳಿಗೆ ಕೂತ ಹಾಗೆ ಪಾದಕ್ಕೆ ಕೂರಬೇಕು.

‘ಎಸ್’ ಎಂಬ ಆಮಿಷ

ವಾಪಸು ಬರುವಾಗ ‘ಎಸ್’ ಎಂಬ ಅಕ್ಷರವನ್ನೂ ತೋರಿಸಿದ. ಸ್ಪೋರ್ಟ್ ಮೋಡ್. ಇಂದು ಸಾಧಾರಣ ಆಟೊಮ್ಯಾಟಿಕ್ ಕಾರುಗಳಲ್ಲೂ ಇಂಥದ್ದೊಂದು ಇರುತ್ತದೆ. ಇದನ್ನು ಹಾಕಿದರೆ ಕಾರು ಚಿಕ್ಕ ಗೇರಿನಲ್ಲೇ ಹೆಚ್ಚು ಹೊತ್ತು ಉಳಿದು ಇಂಜಿನ್ ಜೋರಾಗಿ ತಿರುಗುತ್ತದೆ, ಎಷ್ಟೋ ಕಾರುಗಳಲ್ಲಿ ಆಕ್ಸಿಲರೇಟರ್ ಸ್ವಲ್ಪ ಮುಟ್ಟಿದರೂ ಹೆಚ್ಚು ಎಳೆಯುತ್ತದೆ. ಪೆಟ್ರೋಲೂ ಹೆಚ್ಚು. ಸ್ಟೀರಿಂಗ್ ಹಿಂದೆ ಎರಡು ಪುಟ್ಟ ರೆಕ್ಕೆಗಳಿದ್ದರೆ ಬಲದ್ದು ಗೇರ್ ಏರಿಸಲು, ಎಡದ್ದು ಇಳಿಸಲು. ಮೊದಲ ದಿನ ಇವೆರಡೂ ಬೇಡ. ಒಗ್ಗರಣೆ ಹಾಕಲು ಕಲಿಯುವವರು ದೊಡ್ಡ ಉರಿಯಲ್ಲಿ ಶುರು ಮಾಡುತ್ತೇವಾ?

ಆದರೆ ಬೆಟ್ಟ ಇಳಿಯುವಾಗ ಈ ಚಿಕ್ಕ ಗೇರೇ ರಕ್ಷೆ. ಚಾಮುಂಡಿ ಬೆಟ್ಟದಿಂದ ಬರೀ ‘ಡಿ’ಯಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳಬಹುದು. ‘ಎಲ್’, ‘2’ ಅಥವಾ ‘ಎಂ’ ಎಂದಿದ್ದರೆ ಅದಕ್ಕೆ ಹಾಕಿ ಚಿಕ್ಕ ಗೇರಿನಲ್ಲಿ ಇಳಿಯಿರಿ, ಇಂಜಿನ್ನೇ ಕಾರನ್ನು ಹಿಡಿದಿಡುತ್ತದೆ. ಪೆಟ್ರೋಲ್ ಉಳಿಸಲು ‘ಎನ್’ಗೆ ಹಾಕಿ ಇಳಿಯುವುದಂತೂ ಖಂಡಿತ ಬೇಡ.

ಸ್ಪೋರ್ಟ್ಸ್ ಕಾರಿಗೆ ನೆಲದಿಂದ ಎತ್ತರ ಕಡಿಮೆ. ನಮ್ಮ ಬೀದಿಯ ಹಂಪಿನಲ್ಲಿ ಹೊಟ್ಟೆ ಉಜ್ಜಿದಾಗ ತಮ್ಮನ ಮುಖ ನೋಡಬೇಕಿತ್ತು! ಹಂಪನ್ನು ನೇರವಾಗಿ ಹತ್ತದೆ ಸ್ವಲ್ಪ ಓರೆಯಾಗಿ, ಒಂದೊಂದೇ ಚಕ್ರ ಹತ್ತುವಂತೆ ದಾಟಿಸಬೇಕಂತೆ. ಅಂದಹಾಗೆ, ‘ಇಷ್ಟೊಂದು ಶಕ್ತಿ ಇಟ್ಟುಕೊಂಡು ನಿನಗೇನೋ ಲಾಭ?’ ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಇಷ್ಟವಾಯಿತು. ‘ಬೆಂಗಳೂರಿನ ಟ್ರಾಫಿಕ್ಕಲ್ಲಿ ಏನೂ ಲಾಭ ಇಲ್ಲ ಅಕ್ಕ. ಆದ್ರೆ ಎಷ್ಟು ಶಕ್ತಿಯಿದ್ರೂ ನಾವು ಒತ್ತಿದಷ್ಟೇ ಅದು ಓಡೋದು.’

ಲೈಸನ್ಸ್ ಬೀರುವಿನಿಂದ ಹೊರಗೆ

ಮನೆಗೆ ಬಂದು ಬೀರು ತೆಗೆದು ಲೈಸನ್ಸಿನ ತಾರೀಖು ಮತ್ತೊಮ್ಮೆ ನೋಡಿದೆ. 2028ರವರೆಗೆ ಇದೆ, ಅದನ್ನು ಖಚಿತ ಮಾಡಿಕೊಂಡೇ ಹಿಂದಿನ ರಾತ್ರಿ ತಮ್ಮ ಒಪ್ಪಿದ್ದು. ನೀವೂ ನೋಡಿಕೊಳ್ಳಿ. ಅವಧಿ ಮುಗಿದಿದ್ದರೆ ಒಂದು ದಿನವೂ ಓಡಿಸುವಂತಿಲ್ಲ. ಮೊದಲಿದ್ದ 30 ದಿನಗಳ ರಿಯಾಯಿತಿ 2019ರ ತಿದ್ದುಪಡಿಯಲ್ಲಿ ಹೋಯಿತು. ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. 40 ದಾಟಿದವರು ವೈದ್ಯರ ಸರ್ಟಿಫಿಕೇಟ್ ಕೊಡಬೇಕು. ಕಾರಿಗೆ ಆಟೊಮ್ಯಾಟಿಕ್, ಗೇರು ಎಂದು ಬೇರೆ ಬೇರೆ ಲೈಸನ್ಸ್ ನಮ್ಮಲ್ಲಿಲ್ಲ. ಆದರೆ ಗೇರಿಲ್ಲದ ಸ್ಕೂಟರಿನ ಲೈಸನ್ಸ್ ಇಟ್ಟುಕೊಂಡು ಕಾರು ಓಡಿಸುವಂತಿಲ್ಲ.

ಮಧ್ಯಾಹ್ನ ನಮ್ಮವರ ಜೊತೆ ಮಾತಾಡಿದೆ. ಜಗಳವಾಡಲಿಲ್ಲ. ‘ಅತ್ತೆಯ ಕೆಲಸಕ್ಕೆ ಆಟೊಮ್ಯಾಟಿಕ್ ಕಾರು ಬೇಕು. ಹಳೇದಾದರೂ ಸರಿ, ಚಿಕ್ಕದಾದರೂ ಸರಿ. ಕಲಿಯೋವಾಗ ನೀವು ಪಕ್ಕದಲ್ಲಿ ಕೂರಬೇಡಿ’ ಎಂದೆ. ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, ‘ಅವತ್ತು ನಾನು ಕಿರುಚಬಾರದಿತ್ತು ಕಣೆ.’ ಇಷ್ಟು ವರ್ಷಕ್ಕೆ ಬಂದ ಮಾತು. ಸಾಕು.

ಹಳೆಯ ಕಾರು ಕೊಟ್ಟು, ಒಂದಿಷ್ಟು ದುಡ್ಡು ಸೇರಿಸಿ, ಸೆಕೆಂಡ್ ಹ್ಯಾಂಡ್ ಚಿಕ್ಕ ಆಟೊಮ್ಯಾಟಿಕ್ ತಂದೆವು. ಡ್ರೈವಿಂಗ್ ಸ್ಕೂಲಿನ ಮಹಿಳಾ ಶಿಕ್ಷಕಿಯೊಬ್ಬರನ್ನು ಜೊತೆಗಿಟ್ಟುಕೊಂಡು ಹದಿನೈದು ದಿನ, ಆಸ್ಪತ್ರೆಯ ದಾರಿಯನ್ನೇ, ಬೆಳಗಿನ ಐದೂವರೆಯ ಕತ್ತಲಲ್ಲೇ ಅಭ್ಯಾಸ ಮಾಡಿದೆ. ಮೊದಲ ದಿನ ಅತ್ತೆಯನ್ನು ಕೂರಿಸಿಕೊಂಡು ಹೊರಟಾಗ ಅವರು ಹಿಂದಿನ ಸೀಟಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಕನ್ನಡಿಯಲ್ಲಿ ಕಾಣುತ್ತಿತ್ತು. ‘ಅವಸರ ಇಲ್ಲ ಕಣಮ್ಮ, ನಿಧಾನ’ ಎನ್ನುತ್ತಲೇ ಇದ್ದರು.

ಈಗ ಮಂಗಳವಾರ, ಶುಕ್ರವಾರ ನಾವಿಬ್ಬರೇ. ಕಾರು ಬೀದಿ ದಾಟುವ ಹೊತ್ತಿಗೆ ಅತ್ತೆ ತಲೆ ಒರಗಿಸಿ ನಿದ್ದೆ ಹೋಗಿರುತ್ತಾರೆ. ಆರ್‌ಟಿಒ ಕೊಟ್ಟ ಲೈಸನ್ಸ್ ಪರ್ಸಿನಲ್ಲಿದೆ. ಆದರೆ ನನಗೆ ನಿಜವಾದ ಸರ್ಟಿಫಿಕೇಟ್ ಅಂದರೆ ಹಿಂದಿನ ಸೀಟಿನ ಆ ನಿದ್ದೆಯೇ.

ಮೊದಲ ದಿನ ಇವು ನೆನಪಿರಲಿ

* ಖಾಲಿ ಜಾಗ, ಬೆಳಗಿನ ಹೊತ್ತು, ಪಕ್ಕದಲ್ಲಿ ಕಿರುಚದವರು. ಮೂರೂ ಇದ್ದರೆ ಮಾತ್ರ ಶುರು ಮಾಡಿ.

* ಬೇರೆಯವರ ಕಾರಾದರೆ ಮಾಲೀಕರ ಒಪ್ಪಿಗೆ, ಚಾಲ್ತಿಯಲ್ಲಿರುವ ವಿಮೆ, ನಿಮ್ಮ ಲೈಸನ್ಸಿನ ಅವಧಿ ನೋಡಿಕೊಳ್ಳಿ.

* ಎಡಗಾಲನ್ನು ಪೆಡಲಿನ ಹತ್ತಿರವೂ ತರಬೇಡಿ.

* ಸ್ಟಾರ್ಟ್ ಮಾಡುವಾಗ, ‘ಪಿ’, ‘ಆರ್’, ‘ಡಿ’ ಬದಲಿಸುವಾಗ ಬಲಗಾಲು ಬ್ರೇಕಿನ ಮೇಲೇ ಇರಲಿ.

* ಕಾರು ನುಗ್ಗಿದರೆ ಮೊದಲು ಕಾಲೆತ್ತಿ, ಆಮೇಲೆ ಬ್ರೇಕ್ ಒತ್ತಿ.

* ಇಳಿಜಾರಿನಲ್ಲಿ ನಿಲ್ಲಿಸುವಾಗ ಬ್ರೇಕ್ ಒತ್ತಿಕೊಂಡೇ ಮೊದಲು ಹ್ಯಾಂಡ್ ಬ್ರೇಕ್ ಎಳೆದು ಆಮೇಲೆ ‘ಪಿ’ಗೆ ಹಾಕಿ. ಇಲ್ಲದಿದ್ದರೆ ಕಾರಿನ ಭಾರವೆಲ್ಲ ಗೇರ್‌ಬಾಕ್ಸಿನೊಳಗಿನ ಒಂದು ಪುಟ್ಟ ಕೊಕ್ಕೆಯ ಮೇಲೆ ಬೀಳುತ್ತದೆ.

* ಬ್ಯಾಟರಿ ಸತ್ತರೆ ಆಟೊಮ್ಯಾಟಿಕ್ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲಾಗದು. ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ, ಗಾಡಿಯ ಮೇಲೆ ಹೇರಿಕೊಂಡು ಹೋಗುವವರನ್ನು ಕರೆಸಿ.

* ಇಳಿಯುವ ಮುನ್ನ: ಹ್ಯಾಂಡ್ ಬ್ರೇಕ್, ‘ಪಿ’, ಇಂಜಿನ್ ಆಫ್. ಆಮೇಲೆ ಸೀಟ್ ಬೆಲ್ಟ್. ಕೊನೆಗೆ ಸೆರಗು ಬಾಗಿಲಿಗೆ ಸಿಕ್ಕಿಲ್ಲ ತಾನೇ ಎಂದು ಒಮ್ಮೆ ನೋಡಿಕೊಳ್ಳಿ!